ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಏಕೆ ಏಳುತ್ತಿಲ್ಲ?

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಲು ಐಎಸ್‌ಒ ಕಡತವನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಆದರೂ ಅದು ಬೂಟ್ ಆಗುತ್ತಿಲ್ಲ, ಏಕೆ?
– ಓದುಗರೊಬ್ಬರು, ಹೊಂಗನೂರು

ಉತ್ತರ: ನಿಮ್ಮ ಪೆನ್‌ಡ್ರೈವ್ ಕೆಟ್ಟಿಲ್ಲ. ಸ್ವಿಚ್ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡ್‌ನಲ್ಲಿರುವ ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶ. ಅದು ಹಳೆಯ ಬಯಾಸ್ ಆದರೆ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಓದುತ್ತದೆ. ಅಲ್ಲಿ ಕೊನೆಯ ಎರಡು ಬೈಟ್‌ಗಳು 55 ಮತ್ತು ಎಎ ಆಗಿರದಿದ್ದರೆ ಸಾಮಾನ್ಯವಾಗಿ ಆ ಡಿಸ್ಕನ್ನು ಬಿಟ್ಟು ಮುಂದೆ ಹೋಗುತ್ತದೆ. ಹೊಸ ಯುಇಎಫ್‌ಐ ಆದರೆ ಫ್ಯಾಟ್ ವಿಭಾಗದೊಳಗೆ ಇಎಫ್‌ಐ ಎಂಬ ಫೋಲ್ಡರನ್ನು ಹುಡುಕುತ್ತದೆ. ನೀವು ಕಾಪಿ ಮಾಡಿದ ಐಎಸ್‌ಒ ಬೀಗ ಹಾಕಿದ ಪೆಟ್ಟಿಗೆಯಂತೆ. ಬೇಕಾದದ್ದೆಲ್ಲ ಒಳಗಿದೆ, ಆದರೆ ಅದನ್ನು ತೆರೆಯುವುದು ಫರ್ಮ್‌ವೇರ್‌ಗೆ ಗೊತ್ತಿಲ್ಲ.

ವಿಂಡೋಸ್‌ನಲ್ಲಿ ರೂಫಸ್, ಲಿನಕ್ಸ್‌ನಲ್ಲಿ ಡಿಡಿ ಎಂಬ ತಂತ್ರಾಂಶಗಳು ಆ ಪೆಟ್ಟಿಗೆಯಲ್ಲಿರುವುದನ್ನು ಸರಿಯಾದ ಜಾಗದಲ್ಲಿ ಬರೆದುಕೊಡುತ್ತವೆ. ಡಿಡಿಯಲ್ಲಿ ಡಿಸ್ಕಿನ ಹೆಸರು ತಪ್ಪಿದರೆ ಹಾರ್ಡ್‌ಡಿಸ್ಕೇ ಅಳಿಸಿಹೋಗಬಹುದು, ಎರಡು ಸಲ ನೋಡಿ. ನಂತರ ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ, ಬೂಟ್ ಮೆನುವಿನಲ್ಲಿ ಯುಎಸ್‌ಬಿ ಆರಿಸಿ. ಒತ್ತಬೇಕಾದ ಕೀಲಿ ಕಂಪನಿಯಿಂದ ಕಂಪನಿಗೆ ಬೇರೆ.

ಡೆಬಿಯನ್ ಎಂಬ ಲಿನಕ್ಸ್ ಆರಿಸಿಕೊಂಡರೆ ಅನುಸ್ಥಾಪನೆಯ ಭಾಷಾಪಟ್ಟಿಯಲ್ಲಿ ಕನ್ನಡವೂ ಇದೆ, ಗುಬ್ಬಿ ಎಂಬ ಮುಕ್ತ ಕನ್ನಡ ಅಕ್ಷರಶೈಲಿಯೂ ಅದರ ಭಂಡಾರದಲ್ಲಿದೆ. ನನಗೆ ಅದು ನಿಜಕ್ಕೂ ಸಂತೋಷದ ಸಂಗತಿ. ಪೆನ್‌ಡ್ರೈವ್‌ನಲ್ಲಿರುವ ಫೋಟೊಗಳನ್ನು ಮೊದಲೇ ಬೇರೆಡೆ ಉಳಿಸಿಕೊಳ್ಳಿ, ಐಎಸ್‌ಒ ಬರೆಯುವಾಗ ಅದು ಪೂರ್ತಿ ಖಾಲಿಯಾಗುತ್ತದೆ.