ಲಸಿಕೆ ಜ್ಞಾಪನಾ ಸಂದೇಶ

ಲಸಿಕೆ ಜ್ಞಾಪನಾ ಸಂದೇಶ ಎಂದರೆ ಲಸಿಕೆ ಪಡೆಯಬೇಕಾದ ಕಾಲವನ್ನು ನೆನಪಿಸಲು ಮೊಬೈಲ್‌ಗೆ ಕಳುಹಿಸುವ ಕಿರುಸಂದೇಶ (ಎಸ್‌ಎಂಎಸ್). ಫ್ಲೂ ವೈರಾಣು ಆಗಾಗ ರೂಪಾಂತರಗೊಳ್ಳುವುದರಿಂದ ಅದರ ಲಸಿಕೆಯನ್ನು ಪ್ರತಿವರ್ಷ ಪಡೆಯಬೇಕು. ಆದ್ದರಿಂದ ಫ್ಲೂ ಲಸಿಕೆಯ ವಿಷಯದಲ್ಲಿ ಜ್ಞಾಪನೆಗೆ ವಿಶೇಷ ಮಹತ್ವವಿದೆ.

ಪರಿಣಾಮ

2020ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಔಷಧಾಲಯಗಳ ಸುಮಾರು 6.9 ಲಕ್ಷ ಗ್ರಾಹಕರನ್ನು ಒಳಗೊಂಡ ಅಧ್ಯಯನದಲ್ಲಿ 22 ಬಗೆಯ ಸಂದೇಶಗಳನ್ನು ಪರೀಕ್ಷಿಸಲಾಯಿತು. ಸಂದೇಶ ಪಡೆದ ಪ್ರತಿ ನೂರು ಜನರಲ್ಲಿ ಸರಾಸರಿ ಇಬ್ಬರು ಹೆಚ್ಚುವರಿಯಾಗಿ ಲಸಿಕೆ ಪಡೆದರು. ಲಸಿಕೆಯು ಓದುಗರಿಗಾಗಿ ಕಾದಿದೆ ಎಂದು ತಿಳಿಸುವ ಸಂದೇಶಗಳು ಹೆಚ್ಚು ಫಲಕಾರಿಯಾದವು. ಹೆಚ್ಚಳ ಅಲ್ಪವಾದರೂ ವೆಚ್ಚ ಅತ್ಯಲ್ಪವಾದ ಕಾರಣ ಈ ವಿಧಾನ ಉಪಯುಕ್ತವೆನಿಸಿದೆ.

ಕರ್ನಾಟಕದಲ್ಲಿ

2021ರ ಜನವರಿ 16ರಂದು ಆರಂಭವಾದ ಕೋವಿಡ್ ಲಸಿಕಾ ಅಭಿಯಾನದಲ್ಲಿ ದಾವಣಗೆರೆ, ಹರಿಹರ ಸೇರಿದಂತೆ ರಾಜ್ಯದಾದ್ಯಂತ ಕೋವಿನ್ ವ್ಯವಸ್ಥೆಯನ್ನು ಬಳಸಲಾಯಿತು. ನೋಂದಾಯಿತರಿಗೆ ಲಸಿಕೆಯ ಮಾಹಿತಿ ಕಿರುಸಂದೇಶದ ಮೂಲಕ ತಲುಪುತ್ತಿತ್ತು. ಆದರೆ ಫ್ಲೂ ಲಸಿಕೆಯು ರಾಷ್ಟ್ರೀಯ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ. ಹೆಚ್ಚಿನವರು ಅದನ್ನು ಸ್ವಂತ ಖರ್ಚಿನಲ್ಲಿ ಪಡೆಯಬೇಕಾಗುತ್ತದೆ.

ಮಿತಿಗಳು

ಸಂದೇಶವು ಮರೆವನ್ನು ನೀಗಿಸಬಲ್ಲದೇ ಹೊರತು ಲಸಿಕೆಯ ಬೆಲೆಯನ್ನಾಗಲಿ, ಅದರ ಬಗೆಗಿನ ಅಂಜಿಕೆಯನ್ನಾಗಲಿ ನಿವಾರಿಸಲಾರದು. ಮನೆಮಂದಿಗೆಲ್ಲ ಒಂದೇ ಮೊಬೈಲ್ ಇರುವಲ್ಲಿ ಅದು ಸಂಬಂಧಪಟ್ಟವರಿಗೆ ತಲುಪದೇ ಹೋಗಬಹುದು. ಓದು ಬಾರದವರಿಗೆ ಧ್ವನಿ ಕರೆಯಾಗಲಿ, ಆಶಾ ಕಾರ್ಯಕರ್ತೆಯರ ಮನೆಭೇಟಿಯಾಗಲಿ ಹೆಚ್ಚು ನೆರವಾಗುತ್ತದೆ. ಫ್ಲೂ ತೀವ್ರವಾಗಿ ಕಾಡುವ ಅಪಾಯ ಹೆಚ್ಚಿರುವ ವೃದ್ಧರಲ್ಲಿ ಅನೇಕರು ಈ ಗುಂಪಿಗೆ ಸೇರುತ್ತಾರೆ. ಲಸಿಕೆಯ ರಕ್ಷಣೆ ದೊರೆಯಲು ಸುಮಾರು ಎರಡು ವಾರ ಬೇಕಾಗುವುದರಿಂದ, ಜ್ಞಾಪನೆಯು ಸೋಂಕಿನ ಋತುವಿಗೆ ಮೊದಲೇ ತಲುಪುವುದು ಅವಶ್ಯಕ.