ಅರಗನ್ನು ಕರಗಿಸುವ ಘರ್ಷಣೆ

ಚನ್ನಪಟ್ಟಣದ ಬಣ್ಣದ ಬೊಂಬೆಗಳನ್ನು ನೋಡದವರು ವಿರಳ. ಅಲ್ಲಿಯ ಕಸಬುದಾರರು ಆಲೆ ಮರದಿಂದ ಅಲಂಕಾರದ ಪುಟ್ಟ ದೀಪಗಳನ್ನೂ ಕಡೆಯುತ್ತಾರೆ. ಇವಕ್ಕೆ ಬಣ್ಣ ಹಿಡಿಸಲು ಕುಂಚ ಬೇಡ. ಒಣಗಿದ ಮರವನ್ನು ಲೇತಿಗೆ ಸಿಕ್ಕಿಸಿ, ಉಳಿಯಿಂದ ಆಕಾರಕ್ಕೆ ತಂದಮೇಲೆ, ತಿರುಗುತ್ತಿರುವ ಮರಕ್ಕೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ಅರಗು ಕರಗಿ ಮರವನ್ನು ಆವರಿಸುವುದು. ಬೆಂಕಿಯಿಲ್ಲದೆ ಈ ಉಷ್ಣ ಬಂದುದೆಲ್ಲಿಂದ? ಘರ್ಷಣೆಯಿಂದ.

ಲೆಕ್ಕ ಹಾಕಿ ನೋಡೋಣ. ದೀಪದ ಬುಡದ ವ್ಯಾಸ 6 ಸೆಂಟಿಮೀಟರ್, ಲೇತಿನ ವೇಗ ನಿಮಿಷಕ್ಕೆ 1200 ಸುತ್ತು ಎಂದಿಟ್ಟುಕೊಳ್ಳೋಣ. ಆಗ ಮರದ ಮೈ ಸೆಕೆಂಡಿಗೆ ಸುಮಾರು 3.8 ಮೀಟರ್ ವೇಗದಲ್ಲಿ ಕಡ್ಡಿಯನ್ನು ಉಜ್ಜುವುದು. ಘರ್ಷಣಬಲ 10 ನ್ಯೂಟನ್ ಆದರೆ, ಸೆಕೆಂಡಿಗೆ 38 ಜೂಲ್ ಉಷ್ಣ ಹುಟ್ಟುವುದು. ಮರವೂ ಅರಗೂ ಉಷ್ಣದ ಮಂದವಾಹಕಗಳಾದುದರಿಂದ ಅದು ಒಳಗಿಳಿಯದೆ ತಾಗುವೆಡೆಯಲ್ಲೇ ಶೇಖರವಾಗುವುದು. ಅರಗು ಕರಗಲು ಸುಮಾರು 75 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಸಾಕು. ದೀಪದ ಕೊರಳು 2 ಸೆಂಟಿಮೀಟರಷ್ಟೇ ಇದ್ದರೆ ಅಲ್ಲಿ ಮೈಯ ವೇಗ ಮೂರರಲ್ಲೊಂದು ಪಾಲು; ಹುಟ್ಟುವ ಉಷ್ಣವೂ ಅಷ್ಟೇ. ಆದುದರಿಂದ ಅಲ್ಲಿ ಕಡ್ಡಿಯನ್ನು ಬಿಗಿಯಾಗಿ ಒತ್ತಬೇಕು, ಇಲ್ಲವೆ ಹೆಚ್ಚು ಹೊತ್ತು ಹಿಡಿಯಬೇಕು. ಕೊನೆಗೆ ಕೇದಗೆಯ ಎಲೆಯಿಂದ ಉಜ್ಜಿದಾಗ ಅರಗು ಮತ್ತೆ ಮೆದುವಾಗಿ, ಸಮನಾಗಿ ಹರಡಿ ಹೊಳೆಯುವುದು.

ಇಷ್ಟು ಕಡಮೆ ಉಷ್ಣತೆಯಲ್ಲಿ ಕರಗುವ ಲೇಪ ಬತ್ತಿಯ ಉರಿಯನ್ನು ತಾಳೀತೆ? ಅರಗೂ ಉರಿಯುವ ವಸ್ತು, ಮರವೂ ಉರಿಯುವ ವಸ್ತು. (ಪಾಂಡವರ ಅರಗಿನ ಮನೆಯ ಕಥೆ ನಮಗೆ ಗೊತ್ತೇ ಇದೆ.) ಇಂಥ ದೀಪಕ್ಕೆ ಎಣ್ಣೆ ಹೊಯ್ದು ಹೊತ್ತಿಸಬಾರದು, ಹೆಚ್ಚು ಬಿಸಿಯಾಗದ ಪುಟ್ಟ ಎಲ್‌ಇಡಿ ಬಲ್ಬನ್ನು ಇಡುವುದೇ ಲೇಸು.