ನಿಮಗಿದು ಗೊತ್ತೆ? ತಿಡಗುಂದಿಯಲ್ಲಿ ಜನಿಸಿದ ಸೇವಾದಳದ ಶಿಲ್ಪಿ

ವಿಜಯಪುರದಿಂದ ಸೊಲ್ಲಾಪುರದ ಕಡೆಗೆ ಸಾಗುವ ಹೆದ್ದಾರಿಯ ತಿಡಗುಂದಿಯು, ಸ್ವಾತಂತ್ರ್ಯಸಂಗ್ರಾಮಕ್ಕೆ ಶಿಸ್ತಿನ ಸ್ವಯಂಸೇವಕ ಪಡೆಯನ್ನು ಕಟ್ಟಿಕೊಟ್ಟ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರ ಜನ್ಮಸ್ಥಳವೆಂಬುದನ್ನು ವಿಜಯಪುರ ಜಿಲ್ಲೆಯವೇ ಆದ ಟಿಕೋಟಾ, ಬಬಲೇಶ್ವರಗಳ ಎಳೆಯರೂ ಅರಿತಿರಬೇಕು. 1889ರಲ್ಲಿ ಜನಿಸಿದ ಈ ವೈದ್ಯರು, ಅಮೆರಿಕೆಯಲ್ಲಿ ವ್ಯಾಸಂಗಕ್ಕೆಂದಿದ್ದಾಗಲೇ ಲಾಲಾ ಲಜಪತರಾಯರ ಸಹವರ್ತಿಯಾಗಿ ದುಡಿದು, ಸ್ವದೇಶಕ್ಕೆ ಮರಳಿ ಹುಬ್ಬಳ್ಳಿಯನ್ನು ತಮ್ಮ ಕಾರ್ಯಕ್ಷೇತ್ರವಾಗಿಸಿಕೊಂಡರು.

1923ರ ನಾಗಪುರ ಧ್ವಜಸತ್ಯಾಗ್ರಹದಲ್ಲಿ ಸೆರೆಮನೆಯ ಕಷ್ಟವನ್ನು ತಾಳಲಾರದೆ ಹಲವರು ಕ್ಷಮೆ ಬೇಡಿ ಹೊರಬಂದಾಗಲೂ, ಹರ್ಡೀಕರರ ಹುಬ್ಬಳ್ಳಿಯ ತಂಡವು ಅಚಲವಾಗಿ ನಿಂತಿತು. ಉತ್ಸಾಹವೊಂದೇ ಸಾಲದು, ಶಿಕ್ಷಣವೂ ಬೇಕೆಂಬ ಅರಿವಿನಿಂದ, ಅದೇ ಡಿಸೆಂಬರಿನಲ್ಲಿ, ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ, ಹಿಂದುಸ್ತಾನಿ ಸೇವಾದಳವು ಉದಯಿಸಿತು. ಅಧ್ಯಕ್ಷರು ಜವಾಹರಲಾಲ ನೆಹರೂ. ಆದರೆ ಶಿಬಿರಗಳನ್ನು ನಡೆಸಿ, ಕವಾಯತು ಕಲಿಸಿ, ದಳಕ್ಕೆ ಪ್ರಾಣವನ್ನೆರೆದವರು ಕಾರ್ಯದರ್ಶಿ ಹರ್ಡೀಕರರೇ ಎಂಬುದು ನಿಸ್ಸಂಶಯ. ಕವಾಯತೆಲ್ಲಿ ಸೈನಿಕಪ್ರವೃತ್ತಿಗೆ ಎಡೆಗೊಟ್ಟೀತೋ ಎಂಬ ಆಕ್ಷೇಪವು ಕಾಂಗ್ರೆಸ್ಸಿನೊಳಗೇ ಎದ್ದಿತಾದರೂ, ಅಹಿಂಸೆಯ ದಳಕ್ಕೂ ಶಿಸ್ತು ಅವಶ್ಯವೆಂಬ ಅವರ ನಿಲುವು ಸಡಿಲಲಿಲ್ಲ.

ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ್ದ 1924ರ ಬೆಳಗಾವಿ ಅಧಿವೇಶನದಲ್ಲಿ ಇವರ ಸ್ವಯಂಸೇವಕರು ಮಹತ್ತಾದ ಸೇವೆ ಸಲ್ಲಿಸಿದರು. ದಳದ ಮಹಿಳಾ ವಿಭಾಗದ ನೇತೃತ್ವವನ್ನು ಉಮಾಬಾಯಿ ಕುಂದಾಪುರರು ವಹಿಸಿದ್ದರು. 1932ರಲ್ಲಿ ಬ್ರಿಟಿಷ್ ಸರ್ಕಾರವು ದಳವನ್ನು ನಿಷೇಧಿಸಿತು. 1958ರಲ್ಲಿ ಪದ್ಮಭೂಷಣ ಪುರಸ್ಕೃತರಾದ ಹರ್ಡೀಕರರು 1975ರಲ್ಲಿ ನಿಧನರಾದರು.